ಪೆಟ್ಟಿಗೆಯ ಕಾಗದ, ಕಾರ್ತೆಲ್ ಮಳೆ

2025 ಜೂನ್ 14, ಶನಿವಾರ
ಬದಿಯಡ್ಕ

ನಾಳೆ ಸಂಕ್ರಮಣ. ತುಳು ತಿಂಗಳ ಲೆಕ್ಕದಲ್ಲಿ ಬೇಶ ಮುಗಿದು ಕಾರ್ತೆಲ್. ಮಳೆ ಮಾತ್ರ ಯಾವ ಪಂಚಾಂಗವನ್ನೂ ನೋಡದೆ ಮೇ 24ಕ್ಕೇ ಬಂದು ಕೂತಿದೆ. ಅಂಗಳದಲ್ಲಿ ಪಾಚಿ, ಗೋಡೆಯಲ್ಲಿ ತೇವ, ಪುಸ್ತಕದ ಕಪಾಟಿನಲ್ಲಿ ಬೂಷ್ಟು.

ಸಂಜೆ ಗ್ರಂಥಾಲಯದ ಕಾರ್ಯದರ್ಶಿ ಬಂದಿದ್ದರು. 19ಕ್ಕೆ ವಾಚನ ದಿನವಲ್ಲವೇ. ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ತೀರಿಕೊಂಡ ದಿನವನ್ನು ಕೇರಳದ ಗ್ರಂಥಾಲಯಗಳೆಲ್ಲ ಹಾಗೆ ಆಚರಿಸುತ್ತವೆ. ದೀಪ, ಬ್ಯಾನರು, ಭಾಷಣ, ಚಾ, ಗೋಳಿಬಜೆ. ಈ ಸಲ ಸಮಿತಿಗೆ ದೊಡ್ಡ ಆಸೆ: ಕಾಲೇಜಿನಿಂದ ಒಬ್ಬರು ಪ್ರೊಫೆಸರು ಬೇಕು, ವಿಷಯ ‘ಮಾನವಿಕ ಶಾಸ್ತ್ರಗಳ ಮಹತ್ವ’.

“ಮಾಷ್ಟ್ರೇ, ನೋಟೀಸು ಅಚ್ಚಿಗೆ ಕೊಡ್ಲಿಕ್ಕುಂಟು. ಒಂದು ಹೆಸರು ಹೇಳಿ.”

“ಕೇಳ್ಲಿಕ್ಕೆ ಯಾರು ಬರ್ತಾರೆ?”

“ಶಾಲೆ ಮಕ್ಕಳನ್ನು ಕೂರಿಸುವಾ. ಮತ್ತೆ ನಾವು ಸಮಿತಿಯವರು ಉಂಟಲ್ಲ.”

ಅಡಿಕೆಯ ಮಹತ್ವ ಎಂದು ಬದಿಯಡ್ಕದಲ್ಲಿ ಯಾರೂ ಭಾಷಣ ಇಡಿಸುವುದಿಲ್ಲ. ರೇಟು ಎಷ್ಟು ಎಂದು ಕೇಳುತ್ತಾರೆ. ‘ಮಹತ್ವ’ ಎಂದು ನೋಟೀಸಿನಲ್ಲಿ ಹಾಕಬೇಕಾಗಿ ಬಂತೆಂದರೆ ಹಾಕುವವರಿಗೇ ಅದರಲ್ಲಿ ಅನುಮಾನ ಇದೆ ಎಂದೇ ಲೆಕ್ಕ. ಇದನ್ನು ಅವರಿಗೆ ಹೇಳಿದ್ದೂ ಆಯಿತು. ಅವರು ನಕ್ಕು, ಚಾ ಲೋಟ ಕೆಳಗಿಟ್ಟು, ಎಂತದೋ ನೆನಪಾದ ಹಾಗೆ ಹೇಳಿದರು:

“ನಮ್ಮಲ್ಲಿ ಅಜ್ಜನ ಕಾಲದ ಒಂದು ಪೆಟ್ಟಿಗೆ ಕಾಗದ ಉಂಟು ಮಾಷ್ಟ್ರೇ. ಮಗ ಮಲಯಾಳ ಮೀಡಿಯಂ, ಅವನಿಗೆ ಕನ್ನಡ ಅಕ್ಷರವೇ ಗೊತ್ತಿಲ್ಲ. ನನಗೆ ಅಕ್ಷರ ಗೊತ್ತುಂಟು, ಓದ್ಲಿಕ್ಕೆ ಆಗುವುದಿಲ್ಲ. ಒರಲೆ ಹಿಡಿಯುವ ಮೊದಲು ಬಚ್ಚಲ ಒಲೆಗೆ ಹಾಕುವಾ ಅಂತ ಇವಳು ಹೇಳ್ತಾಳೆ.”

ಅವರ ಮನೆಯಾಕೆಯದ್ದು ತಪ್ಪು ಎನ್ನಲಾಗದು. 1956ರ ನವೆಂಬರ್ 1ರ ವರೆಗೆ ನಮ್ಮ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ಆಮೇಲೆ ಕೇರಳಕ್ಕೆ. ಮೂಲಗೇಣಿ (ಕಾಯಂ ಗೇಣಿ) ಚೀಟು, ಚಾಲಗೇಣಿ (ವರ್ಷವರ್ಷದ ಗೇಣಿ) ಚೀಟು, ಅಡವು ಪತ್ರ, ಪಾಲುಪಟ್ಟಿ ಎಲ್ಲ ಕನ್ನಡದಲ್ಲಿ. 1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ಪದ್ಧತಿಯೇ ನಿಂತು ಒಕ್ಕಲು ಭೂಮಿಗೆ ಒಡೆಯನಾದ ಮೇಲೆ ಆ ಗೇಣಿಚೀಟುಗಳಿಂದ ಕೋರ್ಟಿನಲ್ಲಿ ಹೆಚ್ಚಿನ ಕೆಲಸ ಇಲ್ಲ. ಕೋರ್ಟಿಗೆ ಬೇಡದ ಕಾಗದವನ್ನು ಇಟ್ಟುಕೊಂಡು ಎಂತ ಮಾಡುವುದು ಎಂದು ಯಾರಾದರೂ ಕೇಳಿಯಾರು.

ಓದಲಿಕ್ಕೆ ಆಗುವುದಿಲ್ಲ ಎಂಬುದೂ ನಿಜ. ಅಕ್ಷರ ಕೂಡಿಸಿ ಒಂದೇ ಓಟದಲ್ಲಿ ಬರೆದದ್ದು, ಪದ ಬಿಡಿಸಿಲ್ಲ, ಚುಕ್ಕೆ ಇಲ್ಲ. ಗೇಣಿ ಹೆಚ್ಚಾಗಿ ರೂಪಾಯಿಯಲ್ಲಿ ಇರುವುದಿಲ್ಲ, ಅಕ್ಕಿಯಲ್ಲಿ ಇರುತ್ತದೆ: 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ, ಅಂದರೆ ಮುಡಿಗೆ 42 ಸೇರು. ‘ಮು 12’ ಎಂದಿದ್ದರೆ ಅದು 504 ಸೇರು ಅಕ್ಕಿ. ಹೊಸದಾಗಿ ಓದುವವರು ಅದನ್ನು ಹನ್ನೆರಡು ರೂಪಾಯಿ ಮಾಡಿಬಿಡುತ್ತಾರೆ. ರೂಪಾಯಿ ಬಂದಲ್ಲಿ 16 ಆಣೆ, 192 ಪೈ.

ಇಸವಿಯಲ್ಲಿ ಎಡವುವವರು ಇನ್ನೂ ಜಾಸ್ತಿ. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿದರೆ ಹೆಚ್ಚುಕಡಿಮೆ ಸರಿ. ಬರೇ ‘ಪ್ರಭವ ಸಂವತ್ಸರ’ ಎಂದಿದ್ದರೆ ಅದು 1867 ಆಗಬಹುದು, 1927 ಆಗಬಹುದು, ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುವ ಹೆಸರು. ಆಗ ಛಾಪಾ ಕಾಗದದ ಮೇಲಿನ ತಲೆ ನೋಡಬೇಕು. ವಿಕ್ಟೋರಿಯಾ ರಾಣಿ ಇದ್ದರೆ ಮೊದಲನೆಯದು, ಐದನೇ ಜಾರ್ಜ್ ಇದ್ದರೆ ಎರಡನೆಯದು. ಹೊಸದುರ್ಗ, ನೀಲೇಶ್ವರದ ಕಡೆಯ ಮಲಯಾಳ ಕಾಗದದಲ್ಲಿ ಕೇರಳದ ಕೊಲ್ಲವರ್ಷ. ಅದಕ್ಕೆ 825 ಕೂಡಿಸಬೇಕು, ಆ ವರ್ಷ ಶುರುವಾಗುವ ಆಗಸ್ಟ್-ಸೆಪ್ಟೆಂಬರಿನಿಂದ ಡಿಸೆಂಬರ್ ಕೊನೆಯವರೆಗಿನ ಕಾಗದಕ್ಕಾದರೆ 824. ಈ ಒಂದು ವರ್ಷದ ವ್ಯತ್ಯಾಸದಲ್ಲಿ ಅಪ್ಪ ಸತ್ತ ಮೇಲೆ ಅಪ್ಪನೇ ಸಹಿ ಹಾಕಿದ ಹಾಗೆ ಆಗುವುದೂ ಉಂಟು.

ಇಷ್ಟು ಗೊತ್ತಿದ್ದವರನ್ನೇ ಸಂಶೋಧಕರು ಎನ್ನುವುದು. ಅವರನ್ನು ಮೈಕಿನ ಎದುರು ನಿಲ್ಲಿಸುವ ಬದಲು ಪೆಟ್ಟಿಗೆಯ ಎದುರು ಕೂರಿಸಿದರೆ ಹತ್ತು ನಿಮಿಷದಲ್ಲಿ ‘ಮಹತ್ವ’ ಮುಗಿಯಿತು. ತುಳುವಿನಲ್ಲಿ ಹಳೆಯ ಕಾವ್ಯವೇ ಇಲ್ಲ ಎಂಬ ಮಾತಿತ್ತು. ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು ತಾಳೆಗರಿ ಹುಡುಕಿ, ತುಳು ಲಿಪಿ ಬಿಡಿಸಿ, ‘ಶ್ರೀ ಭಾಗವತೊ’ ಎಂಬ ಹಳೆಯ ತುಳು ಕಾವ್ಯವನ್ನು ಅಚ್ಚಿಗೆ ತಂದ ಮೇಲೆ ಆ ಮಾತು ನಿಂತಿತು. ಅದೇ ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡಿನಲ್ಲಿ ಜಾಗ ಸಿಕ್ಕಿತು. ಗೋವಿಂದ ಪೈಗಳಾದರೂ ಮಂಜೇಶ್ವರದ ಮನೆಯಲ್ಲಿ ಕೂತೇ ಶಾಸನಗಳ ಕಾಲ ಲೆಕ್ಕ ಹಾಕಿದವರು. ನಮ್ಮಲ್ಲಿ ಸಂಶೋಧನೆ ಜಗಲಿಯಿಂದ ದೂರ ಹೋದದ್ದು ಇತ್ತೀಚೆಗೆ.

ದೂರ ಹೋದದ್ದರಲ್ಲಿ ಸಂಶೋಧಕರ ಪಾಲೂ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಹೊಯ್ದ ಊರುಗಳಲ್ಲಿ ಫಾರ್ಮು ಹಿಡಿದು ಬರುವವರನ್ನು ಕಂಡರೆ ಜನ ಮೊದಲು ಕೇಳುವುದು “ನೀವು ಯಾವ ಸರ್ವೆಯವರು?” ಎಂದು. ಒಂದೇ ದುಃಖವನ್ನು ಒಂದೇ ತಾಯಿ ಎಷ್ಟು ಸಲ ಹೇಳಬೇಕು? ಬರೆದುಕೊಂಡು ಹೋದದ್ದು ಯಾವ ಭಾಷೆಯಲ್ಲಿ ಎಲ್ಲಿ ಅಚ್ಚಾಯಿತು ಎಂದು ಅವಳಿಗೆ ಹೇಳುವವರಿಲ್ಲ. ಕೊಂಡುಹೋದದ್ದರ ಪ್ರತಿಯನ್ನು ಅವಳು ಓದುವ ಭಾಷೆಯಲ್ಲಿ ತಂದುಕೊಡುವ ಖರ್ಚನ್ನು ಯೋಜನೆಯ ಬಜೆಟ್ಟಿನಲ್ಲಿ ಮೊದಲೇ ಬರೆಯದಿದ್ದರೆ ಕೊನೆಗೆ ಅದಕ್ಕೆ ದುಡ್ಡು ಉಳಿಯುವುದೇ ಇಲ್ಲ.

“ಹಾಗಾದ್ರೆ 19ಕ್ಕೆ ಎಲ್ಲರೂ ಪೆಟ್ಟಿಗೆ ತನ್ನಿ ಅಂತ ಹಾಕುವಾ?” ಕಾರ್ಯದರ್ಶಿಗೆ ಉತ್ಸಾಹ ಬಂತು.

ಖಂಡಿತ ಬೇಡ. ಈ ತೇವದಲ್ಲಿ ಮಡಿಕೆ ಬಿಡಿಸಿದರೆ ಮಡಿಕೆಯಲ್ಲೇ ತುಂಡು. ಕೊಡೆಯಡಿಯಲ್ಲಿ ತಂದ ಕಾಗದ ನೀರು ಎಳೆದು ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಕಾಗದದ ಕೆಲಸ ಜನವರಿಗೆ, ಅಡಿಕೆ ಒಣಗುವ ಹವೆಯಲ್ಲಿ. ಅಲ್ಲಿಯವರೆಗೆ ಪೆಟ್ಟಿಗೆಯನ್ನು ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗದೆ ಇಡಬೇಕು. ತೊಳೆದು ಒಣಗಿಸಿದ ಹಳೇ ಹತ್ತಿಬಟ್ಟೆ ಸುತ್ತಬೇಕು, ಪ್ಲಾಸ್ಟಿಕ್ ಬೇಡ, ಒಳಗೇ ಬೆವರುತ್ತದೆ. ಬಿಸಿಲಿಗೆ ಹಾಕುವುದು ಬೇಡ, ಮಸಿ ಮಾಸುತ್ತದೆ. ಸೆಲ್ಲೋಟೇಪು ಬೇಡ, ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಆ ಬಿಸಿಗೆ ಅಂಟಿದ್ದನ್ನು ಕಾಗದ ಹಾಳಾಗದೆ ಮತ್ತೆ ಬಿಡಿಸುವುದು ಬಹಳ ಕಷ್ಟ. ಹಿಂದಿನವರು ಇಂಥದ್ದನ್ನು ಅಡಿಗೆಮನೆಯ ಅಟ್ಟದಲ್ಲಿ ಇಡುತ್ತಿದ್ದರು, ಹೊಗೆಗೆ ಹುಳ ಬಾರದು. ಈಗ ಅಟ್ಟ ಇದ್ದರೂ ಹೊಗೆ ಇಲ್ಲ, ಗ್ಯಾಸು. ತಾಳೆಗರಿಯ ಕಟ್ಟು ಸಿಕ್ಕಿದರೆ ದಾರ ಎಳೆಯಬಾರದು, ತೂತಿನ ಅಂಚು ಸೀಳುತ್ತದೆ. ಕಂಠ ಎಂಬ ಕಬ್ಬಿಣದ ಲೇಖನಿಯಿಂದ ಕೊರೆದ ಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚುವ ಕ್ರಮ ಉಂಟು, ಅದನ್ನು ಗೊತ್ತಿದ್ದವರ ಕೈಗೇ ಬಿಡುವುದು ಒಳ್ಳೆಯದು.

“ಮತ್ತೆ 19ಕ್ಕೆ ಎಂತ?”

ಹೆಸರು. ಊರಿನದಲ್ಲ, ಊರಿನೊಳಗಿನ ಗದ್ದೆ, ಗುಡ್ಡೆ, ತೋಡು, ಕಟ್ಟ, ಪಳ್ಳದ ಹೆಸರು. ಪೆಟ್ಟಿಗೆಯ ಕಾಗದದಲ್ಲಿ ಚತುಸ್ಸೀಮೆ ಹೇಳುವಾಗ ಬರುವುದೂ ಇವೇ: ಮೂಡಕ್ಕೆ ಇಂಥ ತೋಡು, ಪಡುವಕ್ಕೆ ಇಂಥವರ ಅಗಳು. ಈಗ ಹೆಸರು ಕೂಡಿಸಿಟ್ಟರೆ ಜನವರಿಯಲ್ಲಿ ಕಾಗದ ಓದುವುದು ಅರ್ಧ ಸುಲಭ. 2021ರ ಜೂನಿನಲ್ಲಿ ಗಡಿನಾಡಿನ ಊರ ಹೆಸರು ಬದಲಾಗುತ್ತದೆಂದು ಗುಲ್ಲೆದ್ದಾಗ ಪತ್ರಿಕೆಯಲ್ಲಿ ಊರುಗಳ ಹೆಸರಷ್ಟೇ ಬಂತು. ಗದ್ದೆಯ ಹೆಸರು ಹೋಗುವುದಕ್ಕೆ ಸರಕಾರವೇ ಬೇಡ, ಗದ್ದೆಗೆ ಮಣ್ಣು ತುಂಬಿಸಿದರೆ ಸಾಕು. ಬದಿಯಡ್ಕ, ಕಾರಡ್ಕ, ಬೇಡಡ್ಕ ಎಲ್ಲದರಲ್ಲೂ ಇರುವುದು ‘ಅಡ್ಕ’, ಎತ್ತರದ ಸಮತಟ್ಟು ಬಯಲು. ಮಲಯಾಳ ಬೋರ್ಡಿನಲ್ಲಿ ಅದು ‘ಅಡುಕ್ಕ’ ಆದ ಮೇಲೆ ನೆಲ ಹೇಗಿತ್ತು ಎಂಬ ಸುಳಿವೇ ಇಲ್ಲ.

ಕೇಳುವ ಕ್ರಮವನ್ನು ಕಾರ್ಯದರ್ಶಿಯ ಡೈರಿಯ ಹಿಂದೆಯೇ ಬರೆದುಕೊಟ್ಟದ್ದು. ‘ಇಲ್ಲಿಯ ಹೆಸರುಗಳು ಯಾವುವು’ ಎಂದು ಕೇಳಿದರೆ ಎಲ್ಲರೂ ನಾಲ್ಕು ಹೇಳಿ ನಿಲ್ಲಿಸುತ್ತಾರೆ. ‘ನಿಮ್ಮ ಮನೆಯಿಂದ ಭಜನಾ ಮಂದಿರಕ್ಕೆ ಮೊದಲು ಹೇಗೆ ನಡೆಯುತ್ತಿದ್ದಿರಿ?’ ಎಂದು ಕೇಳಬೇಕು, ಹೆಸರು ದಾರಿಯುದ್ದಕ್ಕೂ ಬರುತ್ತದೆ. ಜಾಗದ ಧನಿಯನ್ನು ಒಬ್ಬರನ್ನೇ ಕೇಳಿದರೆ ಸಾಲದು. ಸೊಪ್ಪಿಗೆ, ಹುಲ್ಲಿಗೆ ಹೋಗುತ್ತಿದ್ದ ಹೆಂಗಸರಿಗೆ ಗುಡ್ಡೆಯ ಒಂದೊಂದು ಕಲ್ಲಿನ ಹೆಸರೂ ಗೊತ್ತು. ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲೇ, ಮಲಯಾಳದಲ್ಲಿ ಹೇಳಿದ್ದನ್ನು ಹಾಗೆಯೇ ಬರೆಯಬೇಕು, ತಿದ್ದಬಾರದು. ಹೇಳಿದವರು ಯಾರು, ಯಾವ ಭಾಷೆಯಲ್ಲಿ ಎಂದು ಪಕ್ಕದಲ್ಲಿ. ಅರ್ಥದ ಕಾಲಂ ಮೊದಲ ದಿನ ಇಡಲೇಬಾರದು. ಇಟ್ಟರೆ ಪ್ರತಿ ಗುಡ್ಡೆಗೂ ಪಾಂಡವರು ಬಂದು ಹೋಗುತ್ತಾರೆ. ಬಂದರೆ ಆ ಕಥೆಯನ್ನು ಬಿಡಬಾರದು, ಬೇರೆ ಹಾಳೆಯಲ್ಲಿ, ಹೇಳಿದವರ ಹೆಸರಿನೊಂದಿಗೆ, ಕಥೆ ಎಂದೇ ಬರೆಯಬೇಕು.

ರೆಕಾರ್ಡು ಮಾಡುವುದಾದರೆ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಬೈರಾಸಿನ (ಟವೆಲಿನ) ಮೇಲೆ, ಬಾಯಿಯಿಂದ ಒಂದು ಗೇಣಿಗಿಂತ ಸ್ವಲ್ಪ ದೂರ. ಗ್ರಂಥಾಲಯದ ಸಭಾಂಗಣಕ್ಕೆ ಶೀಟಿನ ಮಾಡು, ಮಳೆ ಬಂದರೆ ಕೇಳುವುದು ಅದೊಂದೇ. ಒಳಗಿನ ಕಾಂಕ್ರೀಟ್ ಕೋಣೆಯೇ ಗತಿ, ಪತ್ರಿಕೆಯ ರಾಶಿ ತೆಗೆಸಬೇಕು.

“ಪ್ರೊಫೆಸರು ಬಂದು ಎಂತ ಮಾಡುವುದು ಹಾಗಾದ್ರೆ?”

“ಕೇಳುವುದು.”

“ಅದಕ್ಕೆ ಕಾರು ಬಾಡಿಗೆ ಕೊಡಬೇಕಾ?” ಎಂದು ಕೇಳಿ ಅವರೇ ಜೋರು ನಕ್ಕರು. ಕೊಡಬೇಕು. ನೋಟೀಸಿನಲ್ಲಿ ‘ನಿಮ್ಮ ಗದ್ದೆಯ ಹೆಸರೇನು?’ ಎಂದು ಹಾಕುವುದೆಂದಾಯಿತು. ಸಮಿತಿ ಒಪ್ಪುತ್ತದೋ ಇಲ್ಲವೋ.

ಅವರು ಹೋದ ಮೇಲೆ ಜನವರಿಯ ಲೆಕ್ಕ. ಒಂದು ಕಾಗದಕ್ಕೆ 20 ನಿಮಿಷ ಬೇಕು, ಗಂಟೆಗೆ ಮೂರು. ನಾಲ್ಕು ಮೇಜು, ಮೂರು ಗಂಟೆ ಎಂದರೆ 36. ಟೋಕನ್ 30 ಮಾತ್ರ, ಉಳಿದದ್ದು ಹೇಳದೆ ಬರುವವರಿಗೆ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲಿ ಅಡಿಕೋಲು ಇಟ್ಟು, ಎರಡೂ ಬದಿಯ ಫೋಟೋ. ಮೂಲ ಕಾಗದ ಅದೇ ಸಂಜೆ ತಂದವರ ಕೈಗೆ, ಜೊತೆಗೆ ಬಿಡಿಸಿ ಬರೆದ ಹಾಳೆ. ಪಾಲುಪಟ್ಟಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಬಾರದು, ಅಣ್ಣತಮ್ಮಂದಿರ ಜಗಳ ಗ್ರಂಥಾಲಯದ ಮೆಟ್ಟಿಲಿಗೇ ಬಂದೀತು. ಅನುಮತಿ ಪತ್ರ ಕನ್ನಡ, ಮಲಯಾಳ ಎರಡರಲ್ಲೂ, ತಂದವರದ್ದೊಂದು ಸಹಿ.

ಇಲ್ಲಿ ಪೆನ್ನು ನಿಂತಿತು. ಈಸ್ಟ್ ಇಂಡಿಯಾ ಕಂಪೆನಿಯ ಸರ್ವೆಗೆ ಬಂದ ಬುಕಾನನ್ ಎಂಬವ 1801ರಲ್ಲಿ ಈ ದಾರಿಯಾಗಿ ಹೋದವ, ಮಲಬಾರಿನಲ್ಲಿ ಗುಲಾಮ ಆಳುಗಳನ್ನು ಮಾರುವುದು, ಅಡವಿಡುವುದು, ಬಾಡಿಗೆಗೆ ಕೊಡುವುದು ಎಂದು ಮೂರು ಬಗೆಯನ್ನು ಲೆಕ್ಕದ ಹಾಗೆ ಬರೆದಿಟ್ಟಿದ್ದಾನೆ. ನಮ್ಮ ಕಡೆ ‘ಮೂಲದ ಆಳು’. ಗುಲಾಮತನಕ್ಕೆ ಕಾನೂನಿನ ಬೆಂಬಲ ತೆಗೆದ 1843ರ ಕಾಯಿದೆಯ ಮೇಲೂ ಆ ಹೆಸರಿನಲ್ಲಿ ಬಹಳ ಕಾಲ ನಡೆಯಿತು. ಯಾರದ್ದಾದರೂ ಪೆಟ್ಟಿಗೆಯ ತಳದಲ್ಲಿ ಎತ್ತು, ಹಂಡೆ, ನೇಗಿಲಿನ ಯಾದಿಯಲ್ಲೇ ನಾಲ್ಕು ಮನುಷ್ಯರ ಹೆಸರು ಬಂದರೆ? ಅವರ ಮರಿಮಕ್ಕಳು ಅದೇ ಕೋಣೆಯಲ್ಲಿ, ಮುಂದಿನ ಟೋಕನ್ ಹಿಡಿದು ಕೂತಿದ್ದರೆ? ಬಿಡಿಸಿ ಬರೆದ ಹಾಳೆಯ ಒಂದು ಪ್ರತಿ ಅವರಿಗೂ ಸಲ್ಲಬೇಕಲ್ಲ. ಕಾಗದ ಒಬ್ಬರದ್ದು, ಹೆಸರು ಇನ್ನೊಬ್ಬರದ್ದು.

ಫಾರ್ಮು ನಾಳೆ ಪುನಃ ಬರೆಯಬೇಕು. ಸಹಿಗೆ ಎರಡು ಗೆರೆ. ಎರಡನೆಯ ಗೆರೆಯ ಕೆಳಗೆ ಎಂತ ಅಂತ ಹಾಕುವುದು, ‘ವಾರಸುದಾರರು’ ಎಂದರೆ ಆಸ್ತಿಯ ಮಾತಾಯಿತು, ‘ಸಂಬಂಧಪಟ್ಟವರು’ ಎಂದರೆ