‘ಕಾಲೇಜು ಬದಲಾಯಿಸಿದರೆ ಕ್ರೆಡಿಟ್ ಜೊತೆಗೆ ಬರುತ್ತಾ?’ ಎನ್ನುವವರಿಗೆ

“ಶಿವಮೊಗ್ಗದಲ್ಲಿ ಬಿ.ಎಸ್ಸಿ. ಎರಡು ಸೆಮಿಸ್ಟರ್ ಮುಗಿದಿದೆ. ಅಪ್ಪನಿಗೆ ಮೈಸೂರಿಗೆ ವರ್ಗವಾಯ್ತು. ಇಲ್ಲಿನ ಕ್ರೆಡಿಟ್ ಅಲ್ಲಿಗೆ ಬರುತ್ತಾ?” ಸಾಗರದವರಿರಲಿ, ತೀರ್ಥಹಳ್ಳಿಯವರಿರಲಿ, ಫಲಿತಾಂಶ ಬಂದ ಮೇಲೆ ಕೇಳುವುದು ಇದನ್ನೇ. ಪಾಸಾದ ಪ್ರತಿ ಪೇಪರಿಗೂ ಪಾಠದ ಗಂಟೆಗಳ ಲೆಕ್ಕದಲ್ಲಿ ಸಿಗುವ ಈ ಕ್ರೆಡಿಟ್ ಬರುತ್ತದೆ, ಆದರೆ ತಾನಾಗಿ ಬರುವುದಿಲ್ಲ.

ಎಬಿಸಿ ಐಡಿ ಇದ್ದರೆ ಸಾಕು ಎಂದು ತುಂಬಾ ಮಕ್ಕಳು ನಂಬಿದ್ದಾರೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರಲ್ಲಿ ತಂದ ಈ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನೀವು ಗಳಿಸಿದ್ದರ ಲೆಕ್ಕ ಇಡುತ್ತದೆ, ಅಷ್ಟೇ. ಸರ್ಕಾರದ ದಾಖಲೆ ಆ್ಯಪ್ ಆದ ಡಿಜಿಲಾಕರ್‌ನಲ್ಲಿ 12 ಅಂಕಿಯ ಐಡಿ ಸಿಗುತ್ತದೆ. ಅದಕ್ಕೆ ಕ್ರೆಡಿಟ್ ಹಾಕುವುದು ವಿಶ್ವವಿದ್ಯಾಲಯ, ನೀವಲ್ಲ. ಫೇಲಾದ ಪೇಪರಿಗೆ ಕ್ರೆಡಿಟ್ಟೇ ಇರುವುದಿಲ್ಲ. ಅಲ್ಲಿರುವುದನ್ನು ತನ್ನ ಪದವಿಗೆ ಎಷ್ಟು ಹಿಡಿಯಬೇಕೆಂದು ತೀರ್ಮಾನಿಸುವುದು ನೀವು ಸೇರುವ ವಿಶ್ವವಿದ್ಯಾಲಯ.

ಪೆಟ್ಟು ಬೀಳುವುದು ಸಿಲಬಸ್‌ನಲ್ಲಿ. ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್, ಪ್ರಾಕ್ಟಿಕಲ್ ಆದರೆ ಎರಡು ಗಂಟೆಗೆ ಒಂದು. ಈ ಲೆಕ್ಕ ಸಾಮಾನ್ಯವಾಗಿ ಎಲ್ಲೆಡೆ ಒಂದೇ. ಪಾಠದ ಸರದಿ ಒಂದೇ ಅಲ್ಲ. ಇಲ್ಲಿ ಎರಡನೇ ಸೆಮಿಸ್ಟರ್‌ನಲ್ಲಿ ಮುಗಿಸಿದ ಸಾವಯವ ರಸಾಯನಶಾಸ್ತ್ರ ಅಲ್ಲಿ ಮೂರನೆಯದರಲ್ಲಿದ್ದರೆ, ಓದಿದ್ದನ್ನೇ ಮತ್ತೆ ಓದುತ್ತೀರಿ. ಅಲ್ಲಿನವರು ಮೊದಲ ವರ್ಷದಲ್ಲೇ ಮುಗಿಸಿದ ಇನ್ನೊಂದು ಪೇಪರ್ ನಿಮಗೆ ಬಾಕಿ ಉಳಿಯುತ್ತದೆ. ಮೂರನೇ ಸೆಮಿಸ್ಟರ್ ಜೊತೆಗೇ ಅದನ್ನೂ ಬರೆಯಬೇಕಾಗುತ್ತದೆ. ಕರ್ನಾಟಕ 2024-25ರಿಂದ ಮೂರು ವರ್ಷದ ಪದವಿಗೆ ಮರಳಿರುವುದರಿಂದ, ಅದಕ್ಕೂ ಹಿಂದಿನ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚಿನಲ್ಲಿ ಅರ್ಧಕ್ಕೆ ಬಿಟ್ಟು ಈಗ ಮರಳುವವರಿಗೆ ಈ ತೊಡಕು ಇನ್ನೂ ಹೆಚ್ಚು.

ಆದ್ದರಿಂದ ಮೊದಲು ಸೇರಬೇಕಾದ ಕಾಲೇಜಿಗೆ ಹೋಗಿ, ನಿಮ್ಮ ವಿಷಯಗಳ ಜೋಡಿಯಲ್ಲಿ ಸೀಟು ಖಾಲಿ ಇದೆಯೇ ಕೇಳಿ. ಆಮೇಲೆ ಅಲ್ಲಿನ ವಿಶ್ವವಿದ್ಯಾಲಯದ ಕುಲಸಚಿವರಿಗೆ (ರಿಜಿಸ್ಟ್ರಾರ್) ಅರ್ಜಿ. ಅದರ ಜೊತೆ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ ಮತ್ತು ಓದಿದ ಪ್ರತಿ ಪೇಪರಿನ ಸಿಲಬಸ್ ಇಡಿ. ಪೇಪರ್ ಕೋಡ್, ಘಟಕಗಳು, ಗಂಟೆ, ಕ್ರೆಡಿಟ್ ಕಾಣುವ ಪೂರ್ತಿ ಪುಟಗಳೇ ಬೇಕು, ಪುಟಪುಟಕ್ಕೂ ಪ್ರಾಂಶುಪಾಲರ ಸಹಿ, ಸೀಲು ಹಾಕಿಸಿ. ಬರೀ ಪೇಪರಿನ ಹೆಸರು ನೋಡಿ ಸಿಲಬಸ್ ನಿರ್ಧರಿಸುವ ಅಧ್ಯಯನ ಮಂಡಳಿ ತತ್ಸಮಾನತೆ, ಅಂದರೆ ಎರಡೂ ಕಡೆಯ ಪೇಪರ್ ಸಮ ಎಂದು, ಹೇಳಲಾರದು.

ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ದಯವಿಟ್ಟು ಟಿ.ಸಿ. ತೆಗೆದುಕೊಳ್ಳಬೇಡಿ. ಬಾಯಿಮಾತಿನ “ಆಗುತ್ತೆ ಬನ್ನಿ” ನಂಬಿ ಸೀಟು ಬಿಟ್ಟುಕೊಟ್ಟು, ಎರಡೂ ಕಡೆ ಇಲ್ಲದೆ ವರ್ಷ ಕಳೆದುಕೊಳ್ಳುವುದು ತಪ್ಪಬೇಕು. ಪತ್ರ ಬಂದ ಮೇಲೆ ಟಿ.ಸಿ., ಆಮೇಲೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ ಮೈಗ್ರೇಶನ್ ಸರ್ಟಿಫಿಕೇಟ್ (ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಲು ಕೊಡುವ ಪ್ರಮಾಣಪತ್ರ). ಹೊಸನಗರದ ಕಡೆಯಿಂದ ಬಂದು ಹೋಗುವುದಕ್ಕೇ ಒಂದು ದಿನ ಬೇಕು, ಮೂಲ ಅಂಕಪಟ್ಟಿಯ ಜೊತೆ ಜೆರಾಕ್ಸ್ ಪ್ರತಿಗಳನ್ನೂ ಮರೆಯದೆ ಒಯ್ಯಿರಿ.

ಶಿವಮೊಗ್ಗದಿಂದ ಚಿಕ್ಕಮಗಳೂರಿಗೆ ಹೋಗುವವರಿಗೆ ಇಷ್ಟು ಓಡಾಟವಿಲ್ಲ. ವಿಶ್ವವಿದ್ಯಾಲಯ ಒಂದೇ, ಎರಡೂ ಕಾಲೇಜುಗಳ ಒಪ್ಪಿಗೆ ಮತ್ತು ವಿಶ್ವವಿದ್ಯಾಲಯದ ಅನುಮತಿ ಪಡೆಯಬೇಕು. ತನ್ನ ಸಿಲಬಸ್ ತಾನೇ ಮಾಡಿಕೊಳ್ಳುವ ಸ್ವಾಯತ್ತ ಕಾಲೇಜಾದರೆ ಮಾತ್ರ ಸಿಲಬಸ್ ಬೇರೆಯಿರುತ್ತದೆ, ಹೋಲಿಕೆ ಅಲ್ಲೂ ತಪ್ಪದು.

ಇನ್ನೊಂದು ಮಾತು, ಹೆಸರಿನದು. ಅಂಕಪಟ್ಟಿಯಲ್ಲಿ ‘ಸುಮಾ ಕೆ’, ಆಧಾರ್‌ನಲ್ಲಿ ‘ಸುಮಾ ಕೃಷ್ಣಪ್ಪ’ ಎಂದಿದ್ದರೆ ಎಬಿಸಿಯಲ್ಲಿ ಕ್ರೆಡಿಟ್ ನಿಮ್ಮ ಖಾತೆಗೆ ಕೂರದೆ ಹೋಗಬಹುದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದಂತೆ ಆಧಾರ್ ತಿದ್ದಿಸಿ, ಆಮೇಲೆ ಡಿಜಿಲಾಕರ್ ತೆರೆದು ಪಾಸಾದ ಪ್ರತಿ ಪೇಪರೂ ಬಂದಿದೆಯೇ ಎಣಿಸಿ ನೋಡಿ. ಒಂದು ಕಡಿಮೆಯಿದ್ದರೂ ಊರು ಬಿಡುವ ಮುಂಚೆಯೇ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಬರೆದು ಕೊಡಿ.