ಹನ್ನೊಂದನೆಯ ವಚನಕ್ಕೆ ಮುಂಚೆ ಹತ್ತನೆಯದು

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಎಷ್ಟೋ ಸಭೆಗಳಲ್ಲಿ ಒಂದು ತಟ್ಟೆ ಬರುತ್ತದೆ. ಅದರ ತುಂಬ ವಾಗ್ದಾನದ ಕಾರ್ಡುಗಳು. ಒಬ್ಬೊಬ್ಬರೂ ಪ್ರಾರ್ಥಿಸಿ ಒಂದನ್ನು ಎತ್ತಿಕೊಂಡು ಹೋಗಿ ಫ್ರಿಜ್ ಬಾಗಿಲಿಗೋ ಬೈಬಲಿನ ಒಳರಟ್ಟಿಗೋ ಅಂಟಿಸುತ್ತಾರೆ. ಆ ರಾಶಿಯಲ್ಲಿ ಹೆಚ್ಚಾಗಿ ಇದ್ದೇ ಇರುವ ವಚನ ಯೆರೆಮೀಯ 29:11. ನಿಮ್ಮ ಬಗ್ಗೆ ನನಗಿರುವ ಯೋಚನೆ ಕೇಡಿನದಲ್ಲ, ಹಿತದ್ದು. ನಿಮಗೆ ಮುಂದಿನ ದಿನಗಳನ್ನೂ ನಿರೀಕ್ಷೆಯನ್ನೂ ಕೊಡುತ್ತೇನೆ ಎಂದು ಕರ್ತನು ಹೇಳುವ ಮಾತು ಅದು.

ಫೆಬ್ರವರಿಯಲ್ಲಿ ಕೆಲಸ ಹೋಗುತ್ತದೆ. ಇಲ್ಲವೇ ಸ್ಕ್ಯಾನ್ ರಿಪೋರ್ಟಿನಲ್ಲಿ ಒಂದು ಗಂಟು ಕಾಣುತ್ತದೆ, ಬಯಾಪ್ಸಿ ಫಲಿತಾಂಶಕ್ಕೆ ಹತ್ತು ದಿನ ಕಾಯಿರಿ ಅನ್ನುತ್ತಾರೆ. ಆಗ ಅದೇ ಕಾರ್ಡು ಚುಚ್ಚತೊಡಗುತ್ತದೆ. ದೇವರು ಮಾತು ತಪ್ಪಿದನೋ, ನನ್ನ ನಂಬಿಕೆಯೇ ಸಾಲದೋ ಎಂಬ ಎರಡು ಪ್ರಶ್ನೆಗಳ ನಡುವೆ ಮನಸ್ಸು ಒದ್ದಾಡುತ್ತದೆ. ಇಂಥ ಒದ್ದಾಟದಲ್ಲಿರುವವರಿಗೆ ನಾವು ಮೊದಲು ಹೇಳುವುದು ಒಂದೇ ಮಾತು: ಕಾರ್ಡು ಬದಿಗಿಡಿ, ಬೈಬಲ್ ತೆರೆದು ಅದರ ಹಿಂದಿನ ವಚನ ಓದಿ.

ಹತ್ತನೆಯ ವಚನದಲ್ಲಿ, ಬಾಬೆಲಿಗೆ ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಮರಳಿ ಕರೆತರುತ್ತೇನೆ ಎಂದಿದೆ. ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಯೆರೆಮೀಯ ಬರೆದ ಪತ್ರ ಇದು. ಅದನ್ನು ಕೇಳಿಸಿಕೊಂಡ ವಯಸ್ಕರಲ್ಲಿ ಹೆಚ್ಚಿನವರು ಊರಿಗೆ ಮರಳುವುದಕ್ಕೆ ಬದುಕಿರುವುದಿಲ್ಲ ಎಂದೇ ಅದರ ಅರ್ಥ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಜನರೆದುರು ನಿಂತು ಎರಡೇ ವರ್ಷ, ಎಲ್ಲ ಸರಿಹೋಗುತ್ತದೆ ಎಂದು ಸಾರಿದ್ದ. ಕೇಳಲು ಹಿತವಾದ ಮಾತು. ಅದಕ್ಕೆ ಯೆರೆಮೀಯ ಆಮೆನ್ ಕೂಡ ಅಂದ, ಹಾಗೇ ಆಗಲಿ ಅಂದ. ಆದರೆ ಆ ಮಾತು ಕರ್ತನದಾಗಿರಲಿಲ್ಲ.

ಭಯ ಯಾವಾಗಲೂ ತಾರೀಕು ಕೇಳುತ್ತದೆ. ಯಾವಾಗ ಮುಗಿಯುತ್ತದೆ, ಯಾವ ತಿಂಗಳು ಕೆಲಸ ಸಿಗುತ್ತದೆ, ವೀಸಾ ಎಂದು ಬರುತ್ತದೆ. ತಾರೀಕು ಕೊಡುವವರು ಇಂದಿಗೂ ಸಿಗುತ್ತಾರೆ, ಈಗ ಮೊಬೈಲಿನಲ್ಲೇ ಸಿಗುತ್ತಾರೆ. ನಿಮ್ಮ ಬಾಗಿಲು ಇಪ್ಪತ್ತೊಂದು ದಿನದಲ್ಲಿ ತೆರೆಯುತ್ತದೆ, ಆಮೆನ್ ಎಂದು ಟೈಪ್ ಮಾಡಿ, ಕಾಣಿಕೆ ಕಳಿಸಿ ಎನ್ನುವ ವಿಡಿಯೊಗಳು ರಾತ್ರಿ ಹನ್ನೆರಡಕ್ಕೂ ಓಡುತ್ತಿರುತ್ತವೆ. ಧರ್ಮೋಪದೇಶಕಾಂಡ 18:22 ಇದಕ್ಕೆ ಸರಳವಾದ ಪರೀಕ್ಷೆ ಕೊಡುತ್ತದೆ: ಹೇಳಿದ್ದು ನಡೆಯದಿದ್ದರೆ ಅದು ಕರ್ತನ ಮಾತಲ್ಲ, ಅವನಿಗೆ ಹೆದರಬೇಡ. ಹಾಗಾಗಿ ಕಾಯುವ ಕಾಲದಲ್ಲಿ ತಾರೀಕು ಹೇಳುವ ಯಾವ ಚಾನೆಲ್ಲನ್ನೂ ನೋಡದಿರುವುದು ಒಳ್ಳೆಯದು. ಎರಡು ದಿನ ಅದು ಧೈರ್ಯ ಕೊಟ್ಟಂತೆ ಕಂಡರೂ ತಾರೀಕು ದಾಟಿದ ಮರುದಿನ ಮೊದಲಿಗಿಂತ ಆಳದ ಗುಂಡಿಗೆ ತಳ್ಳುತ್ತದೆ.

ಪತ್ರದಲ್ಲಿ ತಾರೀಕಿನ ಬದಲು ಕೆಲಸಗಳಿವೆ. 29ನೆಯ ಅಧ್ಯಾಯದ 5ರಿಂದ 7ನೆಯ ವಚನ ನೋಡಿ. ಮನೆ ಕಟ್ಟಿರಿ, ತೋಟ ಹಾಕಿರಿ, ಅದರ ಫಲ ತಿನ್ನಿರಿ, ಮಕ್ಕಳ ಮದುವೆ ಮಾಡಿರಿ, ನೀವು ಸೆರೆಯಾಗಿ ಹೋದ ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಬೀದರಿನಿಂದಲೋ ಹುಬ್ಬಳ್ಳಿಯಿಂದಲೋ ಹೊರಟು ದುಬೈಯ ಹಂಚಿಕೆಯ ಕೋಣೆಯಲ್ಲಿ ದಿನ ಎಣಿಸುವವರಿಗೆ ಈ ಮೂರು ವಚನ ಹನ್ನೊಂದನೆಯದಕ್ಕಿಂತ ಹೆಚ್ಚು ಆಸರೆ. ಇವು ಬೆಳಗ್ಗೆ ಎದ್ದು ಮಾಡಬಹುದಾದವು.

ಇದೇ ಯೆರೆಮೀಯ ತಾನು ಬರೆದಂತೆ ತಾನೇ ನಡೆದದ್ದನ್ನು 32ನೆಯ ಅಧ್ಯಾಯದಲ್ಲಿ ನೋಡಬೇಕು. ನಂಬಿಕೆ ಎಂದರೇನು ಎಂದು ಕೇಳಿದವರಿಗೆ ತೋರಿಸಲು ಬೈಬಲಿನಲ್ಲಿ ಇದಕ್ಕಿಂತ ಸ್ಪಷ್ಟವಾದ ಜಾಗ ನಮಗೆ ಗೊತ್ತಿಲ್ಲ. ಚಿದ್ಕೀಯ ರಾಜನ ಹತ್ತನೆಯ ವರ್ಷ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಊರು ಬೀಳುತ್ತದೆ ಎಂದು ಹೇಳಿದ್ದಕ್ಕೆ ಯೆರೆಮೀಯ ಅರಮನೆಯ ಕಾವಲಂಗಳದಲ್ಲಿ ಬಂದಿ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ ಅನ್ನುತ್ತಾನೆ. ಅನಾತೋತು ಯೆರೂಸಲೇಮಿನಿಂದ ನಾಲ್ಕೈದು ಕಿಲೋಮೀಟರ್ ಅಷ್ಟೇ. ಅತ್ತ ಶತ್ರುಸೈನ್ಯ, ಇತ್ತ ಕೊಳ್ಳುವವನು ಜೈಲಿನಲ್ಲಿ. ಯಾವ ಲೆಕ್ಕದಲ್ಲೂ ಅದು ದುಡ್ಡು ಹಾಕುವ ಆಸ್ತಿಯಲ್ಲ.

ಯೆರೆಮೀಯ ಕೊಂಡ. ಬೆಲೆ ಹದಿನೇಳು ಶೆಕೆಲ್ ಬೆಳ್ಳಿ, ಇಂದಿನ ತೂಕದಲ್ಲಿ ಸುಮಾರು 200 ಗ್ರಾಂ. ಕ್ರಯಪತ್ರ ಬರೆದು ಮುದ್ರೆ ಹಾಕಿದ, ಸಾಕ್ಷಿಗಳನ್ನು ಕರೆಸಿದ, ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿಕೊಟ್ಟ. ಪತ್ರದ ಪ್ರತಿ ಎರಡು. ಒಂದಕ್ಕೆ ಮುದ್ರೆ, ಇನ್ನೊಂದು ತೆರೆದದ್ದು. ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿಡು ಎಂದ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಂತವರಿಗೆಲ್ಲ ಈ ಪರಿ ಗುರುತಾಗುತ್ತದೆ. ಅಷ್ಟು ಲೌಕಿಕ, ಅಷ್ಟು ಅಚ್ಚುಕಟ್ಟು.

ಗಮನಿಸಬೇಕಾದದ್ದು ಮುಂದಿದೆ. ಪತ್ರ ಕೈಬದಲಾದ ಮೇಲೆ ಅವನು ಪ್ರಾರ್ಥನೆಗೆ ತೊಡಗುತ್ತಾನೆ, ಆ ಪ್ರಾರ್ಥನೆಯಲ್ಲಿ ಗೊಂದಲವಿದೆ. ಊರು ಬಾಬೆಲಿನವರ ಕೈಗೆ ಹೋಗಿಯಾಯಿತು, ನೀನು ನೋಡುತ್ತಲೇ ಇದ್ದೀ, ಆದರೂ ಬೆಳ್ಳಿ ಕೊಟ್ಟು ಹೊಲ ಕೊಂಡುಕೋ ಎಂದೆಯಲ್ಲ ಎಂದು ಅವನು ದೇವರನ್ನೇ ಕೇಳುತ್ತಾನೆ. ಭಯವೆಲ್ಲ ಅಡಗಿದ ಮೇಲೆ ಕೊಂಡವನಲ್ಲ ಅವನು. ಹೇಳಿದ್ದನ್ನು ಮಾಡಿ, ಆಮೇಲೆ ದೇವರ ಮುಂದೆ ಕೂತು ನಡುಗಿದ. ಮೊದಲು ಹೆದರಿಕೆ ಪೂರ್ತಿ ಹೋಗಲಿ, ಆಮೇಲೆ ಹೆಜ್ಜೆ ಇಡುತ್ತೇನೆ ಎನ್ನುವ ವಿಶ್ವಾಸಿಗಳು ಎಷ್ಟೋ ಜನ. ಹೆಜ್ಜೆ ಇಡಲು ಹೆದರಿಕೆ ಹೋಗಬೇಕಾಗಿಲ್ಲ ಎಂದು ಈ ಅಧ್ಯಾಯ ನಮಗೆ ಕಲಿಸುತ್ತದೆ.

ಹಾಗಾದರೆ ಇಂದು ಯಾವ ಹೆಜ್ಜೆ? ಕರ್ತನ ಪ್ರಾರ್ಥನೆ ಕೇಳುವುದು ಅನುದಿನದ ಆಹಾರವನ್ನು. ಅರಣ್ಯದಲ್ಲಿ ಇಸ್ರಾಯೇಲರಿಗೆ ಆಕಾಶದಿಂದ ಆಹಾರವಾಗಿ ಮನ್ನ ಸುರಿದಾಗಲೂ ಅಳತೆ ಹಾಗೆಯೇ ಇತ್ತು. ತಲೆಗೊಂದು ಓಮೆರ್, ಹತ್ತಿರಹತ್ತಿರ ಎರಡು ಲೀಟರ್ ಹಿಡಿಯುವ ಪಾತ್ರೆಯಷ್ಟು. ನಾಳೆಗೆಂದು ಎತ್ತಿಟ್ಟದ್ದರಲ್ಲಿ ಹುಳ ಬಿತ್ತು. ಆರನೆಯ ದಿನ ಮಾತ್ರ ಎರಡರಷ್ಟು ಕೂಡಿಸಬಹುದಿತ್ತು, ಏಕೆಂದರೆ ಮರುದಿನ ಸಬ್ಬತ್. ಭಯಕ್ಕೂ ಇದೇ ಅಳತೆ ಹಿಡಿಯಬಹುದು.

ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಇಂದು ಕತ್ತಲಾಗುವುದರೊಳಗೆ ನನ್ನ ಕೈಯಿಂದ ಆಗುವುದು, ಬಲಕ್ಕೆ ನನ್ನ ಕೈಮೀರಿದ್ದು. ಕೆಲಸ ಹೋದವರ ಎಡಭಾಗ ಹೀಗಿರಬಹುದು: ಗಂಡನಿಗೆ ಅಥವಾ ಹೆಂಡತಿಗೆ ಇಂದೇ ಹೇಳುವುದು. ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಬರುತ್ತದೆ ಎಂದು ಲೆಕ್ಕ ಹಾಕುವುದು. ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡುವುದು. ಕಂಪನಿಯ ಆರೋಗ್ಯ ವಿಮೆ ಎಂದಿಗೆ ನಿಲ್ಲುತ್ತದೆ ಎಂದು ಕೇಳಿಕೊಳ್ಳುವುದು. ಎಡಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಬರೆಯಬೇಡಿ, ಹೆಚ್ಚಾದರೆ ಅದು ನಾಳೆಯ ಮನ್ನ. ಬಲಭಾಗವನ್ನು ಗಟ್ಟಿಯಾಗಿ ಓದಿ, ಒಂದೊಂದನ್ನೂ ಹೆಸರು ಹಿಡಿದು ದೇವರ ಕೈಗೆ ಕೊಡಿ. ಮರುದಿನ ಹೊಸ ಹಾಳೆ.

ಇಲ್ಲಿ ಆಗುವ ತಪ್ಪು ಎರಡು ಬಗೆ. ಎಡಭಾಗದ್ದನ್ನೂ ಬಲಕ್ಕೆ ಸರಿಸಿ, ದೇವರು ನೋಡಿಕೊಳ್ಳುತ್ತಾನೆ ಎಂದು ಬ್ಯಾಂಕಿನ ಫೋನು ಎತ್ತದಿರುವುದು ಒಂದು. ಬಲಭಾಗದ್ದನ್ನು ಎಡಕ್ಕೆಳೆದು, ಇನ್ನೊಬ್ಬರು ತೆಗೆದುಕೊಳ್ಳಬೇಕಾದ ತೀರ್ಮಾನವನ್ನು ರಾತ್ರಿಯೆಲ್ಲ ತಾನೇ ತಲೆಯಲ್ಲಿ ಹೊರಳಿಸುವುದು ಇನ್ನೊಂದು. ಎರಡನೆಯದು ಬೇಗ ಕಣ್ಣಿಗೆ ಬೀಳುತ್ತದೆ. ಮೊದಲನೆಯದು ಭಕ್ತಿಯ ವೇಷ ಹಾಕಿಕೊಂಡು ಬರುವುದರಿಂದ ಗುರುತು ಸಿಗುವುದು ಕಷ್ಟ.

ಬಲಭಾಗವನ್ನು ದೇವರ ಮುಂದಿಡಲು ಮಾತು ಹೊಳೆಯದಿದ್ದರೆ ಕೀರ್ತನೆ 13 ಇದೆ. ಆರೇ ವಚನ. ಮೊದಲ ಎರಡರಲ್ಲಿ ದಾವೀದ ನಾಲ್ಕು ಸಲ ಎಷ್ಟರವರೆಗೆ, ಎಷ್ಟರವರೆಗೆ ಎಂದು ಕೇಳುತ್ತಾನೆ. ಮೂರು ನಾಲ್ಕರಲ್ಲಿ ಬೇಡಿಕೆ. ಐದು ಆರರಲ್ಲಿ ಭರವಸೆ ಮತ್ತು ಹಾಡು. ದೂರು, ಬೇಡಿಕೆ, ಭರವಸೆ, ಇದೇ ಅನುಕ್ರಮ. ನಮ್ಮ ಕುಟುಂಬ ಪ್ರಾರ್ಥನೆಗಳಲ್ಲಿ ದೂರನ್ನು ನುಂಗಿಬಿಟ್ಟು ನೇರ ಸ್ತೋತ್ರಕ್ಕೆ ಹಾರುತ್ತೇವೆ. ನುಂಗಿದ್ದು ಹೋಗುವುದಿಲ್ಲ, ರಾತ್ರಿ ಎದೆಬಡಿತವಾಗಿ ಮೇಲೆ ಬರುತ್ತದೆ. ಆದ್ದರಿಂದ ಮೊದಲ ಎರಡು ವಚನಗಳಿಗೆ ಸಮಯ ಕೊಡಿ. ಎಷ್ಟರವರೆಗೆ ಎಂಬಲ್ಲಿ ನಿಮ್ಮ ವಿಷಯವನ್ನೇ ಸೇರಿಸಿ: ಎಷ್ಟರವರೆಗೆ ಈ ರಿಪೋರ್ಟಿಗೆ ಕಾಯಲಿ, ಎಷ್ಟರವರೆಗೆ ಮಗನ ಫೀಸಿಗೆ ಸಾಲ ಕೇಳಲಿ. ಐದನೆಯ ವಚನ ಬಾಯಿಗೆ ಬರದ ದಿನವೂ ಇರುತ್ತದೆ. ಅಂದು ಕೀರ್ತನೆ 88ಕ್ಕೆ ಹೋಗಿ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಬೈಬಲಿನಿಂದ ಅದನ್ನು ಯಾರೂ ತೆಗೆದುಹಾಕಲಿಲ್ಲ. ಒಂದೇ ಪ್ರಾರ್ಥನೆಯನ್ನು ಮತ್ತೆಮತ್ತೆ ಮಾಡಿದರೆ ಅಪನಂಬಿಕೆ ಎನ್ನುವವರಿಗೆ ಕರ್ತನು ಸೆರೆಯಾದ ರಾತ್ರಿ ಪ್ರಾರ್ಥಿಸಿದ ಗೆತ್ಸೇಮನೆ ತೋಟವನ್ನು ತೋರಿಸಿ. ಕರ್ತನೇ ಅಲ್ಲಿ ಮೂರನೆಯ ಸಲವೂ ಅದೇ ಮಾತುಗಳಲ್ಲಿ ಪ್ರಾರ್ಥಿಸಿದ ಎಂದು ಮತ್ತಾಯ ಬರೆದಿದ್ದಾನೆ.

ಮದ್ದು ಮತ್ತು ನಂಬಿಕೆಯ ವಿಷಯವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇಲ್ಲಿ ಜೀವಗಳೇ ಹೋಗುತ್ತವೆ. 1527ರಲ್ಲಿ ಜರ್ಮನಿಯ ವಿಟೆನ್‌ಬರ್ಗಿಗೆ ಪ್ಲೇಗ್ ಬಂದಾಗ ವಿಶ್ವವಿದ್ಯಾಲಯವೇ ಊರು ಬಿಟ್ಟಿತು, ಸಭಾ ಸುಧಾರಕ ಮಾರ್ಟಿನ್ ಲೂಥರ್ ಉಳಿದುಕೊಂಡರು. ಹೆಂಡತಿ ಕತರೀನಾ ಬಸುರಿ, ಮನೆಯಲ್ಲಿ ಚಿಕ್ಕ ಮಗು, ಮನೆಯೇ ಆಸ್ಪತ್ರೆಯಾಯಿತು. ಸಾಂಕ್ರಾಮಿಕ ಬಂದಾಗ ಕ್ರೈಸ್ತನು ಓಡಿಹೋಗಬಹುದೇ ಎಂದು ಬ್ರೆಸ್ಲಾವಿನ ಬೋಧಕರು ಕೇಳಿದ್ದಕ್ಕೆ ಆ ವರ್ಷ ಅವರು ಬರೆದ ಉತ್ತರ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಸಭಾಪಾಲಕರು, ಅಧಿಕಾರಿಗಳು, ತಂದೆತಾಯಿಗಳು, ಹೀಗೆ ಯಾರನ್ನು ಇತರರು ನೆಚ್ಚಿಕೊಂಡಿದ್ದಾರೋ ಅವರು ಬಿಟ್ಟು ಓಡಬಾರದು. ಆ ಹೊಣೆಯನ್ನು ಬೇರೆಯವರು ಹೊತ್ತಿದ್ದರೆ ಹೋಗುವುದು ಪಾಪವಲ್ಲ. ಉಳಿಯುವವರು ಮನೆ ಅಂಗಳಕ್ಕೆ ಹೊಗೆ ಹಾಕಲಿ, ಔಷಧಿ ತೆಗೆದುಕೊಳ್ಳಲಿ, ತಮ್ಮ ಅಗತ್ಯವಿಲ್ಲದ ಕಡೆ ಸುಳಿಯದಿರಲಿ. ಔಷಧಿಯನ್ನು ತಾತ್ಸಾರ ಮಾಡುವುದು ನಂಬಿಕೆಯಲ್ಲ, ದೇವರನ್ನು ಪರೀಕ್ಷಿಸುವುದು. ಇದು ಆ ಪತ್ರದ ತಿರುಳು. ನಮ್ಮ ಕರಾವಳಿಯಲ್ಲೂ ನಂಬಿಕೆ ಇದೇ ದಾರಿ ಹಿಡಿದಿತ್ತು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಔಷಧಾಲಯ ತೆರೆದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು, ಪ್ಲೇಗ್ ಬಂದಾಗ 1902ರಲ್ಲಿ ಅದಕ್ಕೂ ಆಸ್ಪತ್ರೆ ಮಾಡಿದರು. ಉಪವಾಸ ಪ್ರಾರ್ಥನೆಯ ಹೆಸರಿನಲ್ಲಿ ಇನ್ಸುಲಿನ್, ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹೇಳಿದವರು ಎಷ್ಟು ದೊಡ್ಡ ದೈವಜನರಾದರೂ ಸರಿ.

ರಾತ್ರಿ ಮೂರು ಗಂಟೆಯ ಭಯಕ್ಕೆ ಹಾಳೆಯೂ ಅಧ್ಯಾಯವೂ ಉಪಯೋಗಕ್ಕೆ ಬರುವುದಿಲ್ಲ. ಪ್ರವಾದಿ ಎಲೀಯನನ್ನು ನೆನೆಯಿರಿ. ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿ, ಗಿಡದ ಕೆಳಗೆ ಕೂತು ಸಾವು ಬೇಡಿದ ಅವನಿಗೆ ದೇವದೂತ ಪ್ರಸಂಗ ಮಾಡಲಿಲ್ಲ. ಮಲಗಲು ಬಿಟ್ಟು, ತಟ್ಟಿ ಎಬ್ಬಿಸಿ, ರೊಟ್ಟಿ ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ತಿನ್ನಿಸಿದ. ಪ್ರಯಾಣದ ಮಾತು ಬಂದದ್ದು ಆಮೇಲೆ. ಎಚ್ಚರವಾದರೆ ಮೊಬೈಲ್ ಮುಟ್ಟಬೇಡಿ, ಎದ್ದು ಒಂದು ಲೋಟ ನೀರು ಕುಡಿದು ಬೆನ್ನು ಒರಗಿಸಿ ಕೂಡಿ. ಉಸಿರು ಎಳೆಯುವಾಗ ಕರ್ತನಾದ ಯೇಸುವೇ, ಬಿಡುವಾಗ ನನ್ನನ್ನು ಕರುಣಿಸು. ಬಿಡುವ ಉಸಿರು ಎಳೆದದ್ದಕ್ಕಿಂತ ಉದ್ದವಾಗಿರಲಿ. ಪೂರ್ವದ ಸಭೆಗಳಲ್ಲಿ ಸನ್ಯಾಸಿಗಳು ಶತಮಾನಗಳಿಂದ ಹೇಳಿಕೊಂಡು ಬಂದ ಪ್ರಾರ್ಥನೆ ಇದು. ಐದು ನಿಮಿಷ ಸಾಕು. ನಿದ್ದೆ ಬಂದೇ ಬರಬೇಕೆಂಬ ಹಟ ಬೇಡ, ಹಟವೇ ನಿದ್ದೆಗೆಡಿಸುತ್ತದೆ.

ಎರಡು ವಾರವಾದರೂ ನಿದ್ದೆ ಊಟ ಸರಿಹೋಗದಿದ್ದರೆ, ಕಾರಣವಿಲ್ಲದೆ ಮೈ ನಡುಗಿ ಉಸಿರು ಕಟ್ಟುತ್ತಿದ್ದರೆ ವೈದ್ಯರನ್ನು ಕಾಣಿ. ಬದುಕು ಬೇಡವೆನಿಸಿದರೆ ಎರಡು ವಾರ ಕಾಯಲೂಬೇಡಿ, ಆ ಹೊತ್ತಿನಲ್ಲೇ ಮನೆಯವರನ್ನು ಎಬ್ಬಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದು ನಂಬಿಕೆಯ ಸೋಲು ಎಂದು ಸಭೆಯಲ್ಲಿ ಯಾರಾದರೂ ಅಂದರೆ ಎಲೀಯನ ರೊಟ್ಟಿಯನ್ನು ತಂದವರು ಯಾರು ಎಂದು ಕೇಳಿ.

ಕೊನೆಯದಾಗಿ, ಭಯದಲ್ಲಿರುವ ಮನೆಗೆ ಹೋಗುವವರಿಗೆ. ಗೆತ್ಸೇಮನೆಗೆ ಕರ್ತನು ಮೂವರನ್ನು ಜೊತೆಗೆ ಕರೆದುಕೊಂಡು ಹೋದದ್ದು ಪ್ರಸಂಗ ಕೇಳುವುದಕ್ಕಲ್ಲ, ನನ್ನ ಜೊತೆ ಎಚ್ಚರವಾಗಿರಿ ಎಂದಷ್ಟೇ ಕೇಳಿದ. ಹೋಗುವ ಮೊದಲು ಫೋನ್ ಮಾಡಿ. ಅರ್ಧ ಗಂಟೆಗಿಂತ ಹೆಚ್ಚು ಕೂರಬೇಡಿ. ನಿಮಗೆ ಗೊತ್ತಿರುವ ಅದೇ ಕಾಯಿಲೆಯ ಬೇರೊಬ್ಬರ ಕಥೆ ಹೇಳಬೇಡಿ, ಅದು ವಾಸಿಯಾದ ಕಥೆಯಾದರೂ ಬೇಡ. ಅವರು ಹೇಳಿದ್ದನ್ನು ಪ್ರಾರ್ಥನಾ ಗ್ರೂಪಿಗೆ ಹಾಕುವ ಮುನ್ನ ಅವರ ಒಪ್ಪಿಗೆ ಕೇಳಿ. ಏನಾದರೂ ಬೇಕಿದ್ದರೆ ಹೇಳಿ ಎಂದರೆ ಯಾರೂ ಹೇಳುವುದಿಲ್ಲ. ಗುರುವಾರ ಆಸ್ಪತ್ರೆಗೆ ಗಾಡಿ ನಾನು ತರುತ್ತೇನೆ, ಎಂಟಕ್ಕೆ ಬರಲೇ, ಎಂಟೂವರೆಗೆ ಬರಲೇ ಎಂದು ಕೇಳಿ. ಹೊರಡುವಾಗ ಕೀರ್ತನೆ 13ನ್ನು ನಿಧಾನವಾಗಿ ಓದಿ. ಅವರು ಅತ್ತರೆ ಓದು ನಿಲ್ಲಿಸಿ, ಪಕ್ಕದಲ್ಲಿ ಕೂತಿರಿ.