ಪೋಲಿಷ್ ನಾಮಪದದ ಬಾಲದಲ್ಲಿ ಅಡಗಿದ ಬೈಗುಳ

ಪೋಲಿಷ್‌ನಲ್ಲಿ ಬೈಯಲು ಬೇರೆ ಪದ ಹುಡುಕಬೇಕಿಲ್ಲ, ಇರುವ ಪದದ ಪ್ರತ್ಯಯ ಬದಲಿಸಿದರೆ ಸಾಕು. ಹೆಚ್ಚು ಬಳಕೆಯದು ‘-ಇಸ್ಕೊ’. ಕೋತ್ (ಬೆಕ್ಕು) ಕೊಚಿಸ್ಕೊ ಆಗುತ್ತದೆ, ವಿಲ್ಕ್ (ತೋಳ) ವಿಲ್ಚಿಸ್ಕೊ ಆಗುತ್ತದೆ. ಕಲಿಯುವವರು ಎಡವುವುದು ಇಲ್ಲೇ: ಪ್ರತ್ಯಯಕ್ಕೆ ಮೊದಲು ಬರುವ ವ್ಯಂಜನವೂ ಬದಲಾಗುತ್ತದೆ, ‘ತ’ ಮತ್ತು ‘ಕ’ ಎರಡೂ ಚಕಾರವಾಗುತ್ತವೆ. ಪ್ಯೆಸ್ (ನಾಯಿ) ಎಂಬಲ್ಲಿ ನಡುವಿನ ಸ್ವರವೇ ಬಿದ್ದು ಪ್ಶಿಸ್ಕೊ ಉಳಿಯುತ್ತದೆ.

ಆದರೆ ಇದು ಯಾವಾಗಲೂ ಬೈಗುಳವಲ್ಲ. ಪ್ಶಿಸ್ಕೊ ಎಂದರೆ ಭಾರೀ ನಾಯಿ; ದನಿ ಮೃದುವಾಗಿದ್ದರೆ ಅದೇ ಮುದ್ದು. ಖ್ವೊಪಿಸ್ಕೊ ಎಂದರೆ ದೈತ್ಯದೇಹದ, ಹಲವು ಸಲ ಒಳ್ಳೆಯ ಮನಸ್ಸಿನ ಗಂಡಸು. ‘-ಇನಾ’ ಹಚ್ಚಿದ ಖ್ವೊಪಿನಾದಲ್ಲಿ ಮಾತ್ರ ‘ಪಾಪ’ ಎಂಬ ಕನಿಕರ.

ನಿಜವಾದ ಕಹಿ ಬಾಬಾ (ಹೆಂಗಸು) ಪದದ ರೂಪಗಳಲ್ಲಿದೆ. ಬಾಪ್ಸ್ಕೊ ನಪುಂಸಕಲಿಂಗ, ಬಾಪ್ಶ್ತಿಲ್ ಪುಲ್ಲಿಂಗ. ಹೆಣ್ಣನ್ನು ಸ್ತ್ರೀಲಿಂಗದಿಂದಲೇ ಹೊರದಬ್ಬುವುದರಲ್ಲಿ ಅವಮಾನವಿದೆ. ಇವನ್ನು ಅರ್ಥಮಾಡಿಕೊಳ್ಳಿ, ಬಳಸಬೇಡಿ.

ಇನ್ನೊಂದು ದಾರಿ ಅಲ್ಪಾರ್ಥಕದಂತೆ (ಚಿಕ್ಕದು ಎಂದು ಸೂಚಿಸುವ ಪ್ರತ್ಯಯದಂತೆ) ಕಾಣುವ ‘-ಕಾ’ವನ್ನು ಕಿತ್ತು ‘ಖಾ’ ಹಚ್ಚುವುದು: ಫ್ಲಾಷ್ಕಾ (ಬಾಟಲಿ) ಫ್ಲಾಖಾ, ಮಿಸ್ಕಾ (ಬಟ್ಟಲು) ಮಿಖಾ. ಇದರಲ್ಲಿ ತಿರಸ್ಕಾರ ಕಡಿಮೆ, ಒರಟು ಸಲಿಗೆ ಹೆಚ್ಚು.

ಪ್ರತ್ಯಯ ಸೇರಿಸದೆಯೂ ಹಳಿಯಬಹುದು. ‘ಚಿ ಪ್ರೊಫೆಸೊರೊವ್ಯೆ’ ಎಂದರೆ ‘ಈ ಪ್ರೊಫೆಸರರು’. ಗಂಡಸರಿಗೆಂದೇ ಇರುವ ಈ ಬಹುವಚನ ರೂಪ ಬಿಟ್ಟು ‘ತೆ ಪ್ರೊಫೆಸೊರಿ’ ಎಂದರೆ ಅವರು ವಸ್ತು, ಪ್ರಾಣಿಗಳ ಸಾಲಿಗೆ ಇಳಿದರು. ಮನುಷ್ಯರನ್ನು ‘ಅವರು’ ಎನ್ನದೆ ‘ಅವು’ ಎಂದಾಗ ಕನ್ನಡದ ಕಿವಿಗೆ ಚುಚ್ಚುವುದೂ ಇದೇ.